ಇಂಡೆಕ್ಸ್‌ನಲ್ಲಿ ಹೆಸರಿಲ್ಲದ ಹೆಂಗಸನ್ನು ಹುಡುಕುವ ಬಗೆ

ನಾನು ಶಿವಮೊಗ್ಗ ಜಿಲ್ಲೆಯ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ 29 ವರ್ಷ ಕೆಲಸ ಮಾಡಿದವಳು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ, ಇವುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಈಗ ವರ್ಷದಲ್ಲಿ ಐದು ತಿಂಗಳು ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಲೆಕ್ಸಿಂಗ್ಟನ್‌ನಲ್ಲಿರುವ ಮಗನ ಮನೆಯಲ್ಲಿರುತ್ತೇನೆ. ಸೊಸೆ ಆ ಕಡೆಯವಳೇ. ಅವಳ ಅಜ್ಜಿ ಬದುಕಿದ್ದಾಗ ಒಂದು ಮಾತು ಹೇಳುತ್ತಿದ್ದರಂತೆ: "ನಾವು ಬೂನ್ ಮನೆಯವರಲ್ಲ. ಬೂನ್ ಹೆಂಡತಿಯ ತವರಿನವರು. ಬ್ರಯಾನ್ ಕಡೆಯವರು." ಮೊಮ್ಮಗಳು ಶಾಲೆಗೆ ವಂಶವೃಕ್ಷ ಬರೆದುಕೊಂಡು ಹೋಗಬೇಕಾದಾಗ ಆ ಮಾತು ಮತ್ತೆ ಮೇಲೆದ್ದಿತು. ಮೂರು ಬೇಸಿಗೆ ಅದರ ಹಿಂದೆ ಓಡಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳನ್ನು ಅಲ್ಲಿನ ಮನೆತನಗಳಿಗೆ ಕೊಟ್ಟ, ಅಲ್ಲಿಂದ ತಂದ ಕನ್ನಡದ ಮನೆಗಳು ಈಗ ಎಷ್ಟೋ ಇವೆ. ಯಾರಿಗಾದರೂ ಬೇಕಾದೀತು.

ಬೂನ್ ಅಂದರೆ ಡೇನಿಯಲ್ ಬೂನ್. 1775ರಲ್ಲಿ ಕಂಬರ್‌ಲ್ಯಾಂಡ್ ಕಣಿವೆ ದಾಟಿ ಕೆಂಟಕಿಗೆ ದಾರಿ ಕಡಿದ ಬೇಟೆಗಾರ. ಅವನ ಹೆಂಡತಿ ರೆಬೆಕ್ಕಾ ಬ್ರಯಾನ್. ಹತ್ತು ಮಕ್ಕಳನ್ನು ಹೆತ್ತವಳು. 1784ರಲ್ಲಿ ಜಾನ್ ಫಿಲ್ಸನ್ ಎಂಬುವರು ಕೆಂಟಕಿಯ ಬಗ್ಗೆ ಪುಸ್ತಕ ತಂದರು. ಅದರಲ್ಲಿ ಬೂನ್ ತನ್ನ ಕತೆ ತಾನೇ ಹೇಳುವಂತೆ ಒಂದು ಭಾಗವಿದೆ. ಕೆಂಟಕಿ ನದಿಯ ದಡದ ಮೇಲೆ ನಿಂತ ಮೊದಲ ಬಿಳಿಯ ಹೆಂಗಸರು ನನ್ನ ಹೆಂಡತಿ ಮತ್ತು ಮಗಳು ಅಂತ ಅವನು ಹೇಳುತ್ತಾನೆ. ಆ ಸಾಲಿನಲ್ಲಿ ಇಬ್ಬರ ಹೆಸರೂ ಇಲ್ಲ. ಹೆಂಡತಿ, ಮಗಳು, ಅಷ್ಟೇ. ನೀವು ಹುಡುಕಲು ಹೊರಟ ಹೆಂಗಸೂ ಹೀಗೇ ಇರುತ್ತಾಳೆ. ಇನ್ಯಾರದೋ ಹೆಂಡತಿ, ಇನ್ಯಾರದೋ ಮಗಳು.

ಮೊದಲನೆಯ ಮಾತು. ದೊಡ್ಡ ಹೆಸರಿನಿಂದ ಕೆಳಗೆ ಇಳಿಯಬೇಡಿ. ರೆಬೆಕ್ಕಾಳಿಂದ ಶುರುಮಾಡಿ ಸೊಸೆಯವರೆಗೆ ಬರುತ್ತೇನೆ ಅಂದರೆ ಸಾವಿರ ಕವಲು. ಯಾವುದೋ ಒಂದು ಕವಲು ನಿಮಗೆ ಬೇಕಾದ ಕಡೆಗೆ ತಿರುಗಿದ ಹಾಗೆ ಕಾಣುತ್ತದೆ, ಮನಸ್ಸು ಅದನ್ನೇ ಹಿಡಿದುಕೊಳ್ಳುತ್ತದೆ. ಬದುಕಿರುವವರಿಂದ ಮೇಲಕ್ಕೆ ಹತ್ತಿ. ಮಗಳಿಂದ ತಾಯಿಗೆ, ತಾಯಿಯಿಂದ ಅಜ್ಜಿಗೆ. ಪ್ರತಿ ಮೆಟ್ಟಿಲಿಗೂ ಒಂದು ಕಾಗದ ಬೇಕು. ನಮ್ಮಲ್ಲಿ ಪೌತಿ ಖಾತೆಗೆ ವಂಶವೃಕ್ಷ ಕೊಡುವಾಗ ಹೇಗೆ ಒಂದೊಂದು ಹೆಸರಿಗೂ ಆಧಾರ ಕೇಳುತ್ತಾರೋ ಹಾಗೆ.

ಹತ್ತಿರದ ನೂರು ವರ್ಷ ಸುಲಭ. ಕೆಂಟಕಿಯಲ್ಲಿ 1911ರಿಂದ ರಾಜ್ಯದ ಮಟ್ಟದಲ್ಲಿ ಸಾವಿನ ದಾಖಲೆ ಇದೆ. ಅದರಲ್ಲಿ ಸತ್ತವರ ತಾಯಿಯ ತವರಿನ ಹೆಸರು ಬರೆಯುವ ಜಾಗವೇ ಇದೆ. 1920ರಲ್ಲಿ ತೀರಿಕೊಂಡ ಮುದುಕಿಯ ಪತ್ರ ಸಿಕ್ಕರೆ 1840ರ ಸುಮಾರಿನ ಅವಳ ತಾಯಿ ಸಿಗುತ್ತಾಳೆ. ಆದರೆ ಮಾಹಿತಿ ಕೊಟ್ಟವರು ಯಾರು ಅಂತ ಕೆಳಗೆ ನೋಡಿ. ಮಗಳು ಹೇಳಿದ್ದಕ್ಕೂ, ಅಳಿಯನೋ ಪಕ್ಕದ ಮನೆಯವನೋ ಹೇಳಿದ್ದಕ್ಕೂ ತೂಕ ಬೇರೆ.

ಆಮೇಲೆ ಜನಗಣತಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. 1880ರ ಪಟ್ಟಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕು ಅಂತ ಬರೆದಿದ್ದಾರೆ, ತಂದೆ ತಾಯಿ ಹುಟ್ಟಿದ ರಾಜ್ಯವನ್ನೂ ಬರೆದಿದ್ದಾರೆ. 1850ರದ್ದರಲ್ಲಿ ಮನೆಯಲ್ಲಿದ್ದ ಸ್ವತಂತ್ರರೆಲ್ಲರ ಹೆಸರು, ವಯಸ್ಸು ಇದೆ, ಸಂಬಂಧ ಇಲ್ಲ. ಅದಕ್ಕೂ ಹಿಂದೆ ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. 1840ರವರೆಗೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಪ್ರಕಾರ ಬರಿ ಅಂಕಿ. ಕೆಂಟಕಿಯ ಮಟ್ಟಿಗೆ 1790 ಮತ್ತು 1800ರ ಗಣತಿ ಉಳಿದೇ ಇಲ್ಲ. ನಾವು ಹುಡುಕುತ್ತಿದ್ದ ಹೆಂಗಸು, ಸೊಸೆಯ ಮುತ್ತಜ್ಜಿಯ ಮುತ್ತಜ್ಜಿ, 1850ರ ಪಟ್ಟಿಯಲ್ಲಿ ಗಂಡನ ಮನೆಯಲ್ಲಿ ಸಿಕ್ಕಳು. ವಯಸ್ಸು 35. ಹುಟ್ಟಿದ್ದು ಕೆಂಟಕಿ. ತವರು ಯಾವುದು? ಆ ಪುಟದಲ್ಲಿ ಉತ್ತರ ಇರಲಿಲ್ಲ.

ಇಲ್ಲಿ ಎಷ್ಟೋ ಜನ ಕೈ ಬಿಡುತ್ತಾರೆ. ಇಲ್ಲವೇ ಅದಕ್ಕಿಂತ ಕೆಟ್ಟದ್ದು ಮಾಡುತ್ತಾರೆ: ಇಂಟರ್ನೆಟ್‌ನಲ್ಲಿ ಯಾರೋ ಬರೆದಿಟ್ಟ ವಂಶವೃಕ್ಷವನ್ನು ನಕಲು ಮಾಡುತ್ತಾರೆ. ಆ ತಪ್ಪು ನಾನೂ ಮಾಡಿದೆ. ರೆಬೆಕ್ಕಾಳ ತಾಯಿ ಹೆಸ್ಟರ್ ಹ್ಯಾಂಪ್ಟನ್ ಅಂತ ಒಂದು ಕಡೆ ನೋಡಿ ಮೊಮ್ಮಗಳಿಗೆ ಹೇಳಿಬಿಟ್ಟೆ. ಅವಳು ಚೆಂದದ ಅಕ್ಷರದಲ್ಲಿ ಬರೆದುಕೊಂಡಳು. ವಾರದ ಮೇಲೆ ಇನ್ನೊಂದು ಮರದಲ್ಲಿ ತಾಯಿಯ ಹೆಸರು ಆಲಿಸ್ ಲಿನ್‌ವಿಲ್ ಅಂತಿತ್ತು. ರೆಬೆಕ್ಕಾಳ ತಂದೆ ಜೋಸೆಫ್ ಬ್ರಯಾನ್ ಅನ್ನುವುದರಲ್ಲಿ ತಕರಾರಿಲ್ಲ. ತಾಯಿಯ ವಿಷಯದಲ್ಲಿ ಮಾತ್ರ ಇವತ್ತಿಗೂ ಎರಡು ಮಾತು. ಯೋಚನೆ ಮಾಡಿ. ಇಷ್ಟು ಹೆಸರುವಾಸಿಯಾದ ಮನೆತನ, ಇಷ್ಟು ಜನ ಹುಡುಕಿದ್ದಾರೆ, ಆದರೂ ತಾಯಿಯ ಹೆಸರು ಗಟ್ಟಿಯಿಲ್ಲ. ಮೊಮ್ಮಗಳ ಹತ್ತಿರ ಕ್ಷಮೆ ಕೇಳಿ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದೆ. ನೀವೂ ಹಾಗೇ ಮಾಡಿ. ಆಧಾರ ಸಿಗದ ಕಡೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಆ ಕಾಲದ ಹೆಂಗಸಿನ ಹೆಸರು ಕಾಗದಕ್ಕೆ ಬರುವುದು ಆಸ್ತಿ ಕೈ ಬದಲಾಗುವಾಗ. ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಕಾನೂನು ಬಾಳು ಇರಲಿಲ್ಲ. ಅವಳು ತನ್ನ ಹೆಸರಲ್ಲಿ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಆದರೆ ಒಂದು ಹಕ್ಕಿತ್ತು. ಅದಕ್ಕೆ ಡವರ್ ಅಂತಾರೆ. ಗಂಡ ಸತ್ತರೆ ಅವನ ಜಮೀನಿನಲ್ಲಿ ಮೂರನೇ ಒಂದು ಪಾಲು ಅವಳು ಬದುಕಿರುವವರೆಗೆ ಅವಳದ್ದು. ಹಾಗಾಗಿ ಗಂಡ ಜಮೀನು ಮಾರಿದಾಗ ಕೊಂಡವನಿಗೆ ಭಯ. ನಾಳೆ ಇವನು ಸತ್ತರೆ ಹೆಂಡತಿ ಬಂದು ಪಾಲು ಕೇಳಿದರೆ? ಅದಕ್ಕೆ ಅವಳಿಂದ ಹಕ್ಕು ಬಿಟ್ಟುಕೊಟ್ಟ ಬರಹ ತೆಗೆದುಕೊಳ್ಳುತ್ತಿದ್ದರು. ಗಂಡನನ್ನು ಆಚೆ ಕಳಿಸಿ, ಅವಳನ್ನೊಬ್ಬಳನ್ನೇ ಕೂರಿಸಿ, "ನಿನ್ನ ಇಷ್ಟದಿಂದ ಬಿಡುತ್ತಿದ್ದೀಯಾ? ಯಾರೂ ಬಲವಂತ ಮಾಡಿಲ್ಲ ತಾನೇ?" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ನಮ್ಮ ಕಚೇರಿಯಲ್ಲಿ ಹೆಣ್ಣುಮಕ್ಕಳು ಹಕ್ಕು ಖುಲಾಸೆಗೆ ಬಂದಾಗ ನಾನು ಎಷ್ಟೋ ಸಲ ಇದನ್ನೇ ಕೇಳಿದ್ದೇನೆ. 200 ವರ್ಷ ಹಳೆಯ ಪುಟದಲ್ಲಿ ಅದೇ ಪ್ರಶ್ನೆ ನೋಡಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ.

ಆದರೆ ಇಂಡೆಕ್ಸ್‌ನಲ್ಲಿ ಹುಡುಕಿದರೆ ಅವಳು ಸಿಗುವುದಿಲ್ಲ. ಅಲ್ಲಿ ಗಂಡನ ಹೆಸರು, ಅದರ ಪಕ್ಕ 'ಎಟ್ ಅಕ್ಸ್' ಅಂತ ಇರುತ್ತದೆ. ಲ್ಯಾಟಿನ್ ಮಾತು. 'ಮತ್ತು ಹೆಂಡತಿ' ಅಂತ ಅರ್ಥ. ಅದು ಕಂಡ ಕಡೆಯೆಲ್ಲ ಪೂರ್ತಿ ಪತ್ರ ತೆಗೆದು ಓದಲೇಬೇಕು. ಒಳಗೆ ಅವಳ ಹೆಸರಿರುತ್ತದೆ. ಬರಹ ಬಾರದವಳಾದರೆ ಹೆಸರಿನ ನಡುವೆ ಒಂದು ಗುರುತು, ನಮ್ಮ ಹೆಬ್ಬೆಟ್ಟಿನ ಹಾಗೆ. ಒಂದೇ ಗಂಡಸು 1805ರಲ್ಲಿ ಒಂದು ಹೆಸರಿನ ಹೆಂಡತಿ ಜೊತೆ, 1812ರಲ್ಲಿ ಇನ್ನೊಂದು ಹೆಸರಿನ ಹೆಂಡತಿ ಜೊತೆ ಸಹಿ ಮಾಡಿದ್ದರೆ ನಡುವೆ ಒಬ್ಬಳು ತೀರಿಕೊಂಡಿದ್ದಾಳೆ ಅಂತಲೇ ಸಾಮಾನ್ಯವಾಗಿ ತಿಳಿಯಬೇಕು. ಯಾವ ಮಗು ಯಾವ ತಾಯಿಯದು ಅನ್ನುವ ಪ್ರಶ್ನೆ ಅಲ್ಲಿಂದ ಶುರು.

ಇನ್ನೂ ಒಳ್ಳೆಯ ಪತ್ರ ಅಂದರೆ ತಂದೆ ಸತ್ತ ಮೇಲೆ ವಾರಸುದಾರರೆಲ್ಲ ಸೇರಿ ಮಾರಿದ್ದು. ಅದರಲ್ಲಿ ಹೆಣ್ಣುಮಕ್ಕಳು, ಅವರ ಗಂಡಂದಿರು, ಎಲ್ಲರೂ ಬರುತ್ತಾರೆ. ಇಂಥವನ ಮಗಳು, ಇಂಥವನ ಹೆಂಡತಿ ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಒಂದೇ ಪತ್ರದಲ್ಲಿ ತವರೂ ಗಂಡನ ಮನೆಯೂ ಸಿಕ್ಕಿದ ಹಾಗೆ. ಉಯಿಲು ಸಿಕ್ಕರೂ ಹಾಗೆಯೇ. ಆದರೆ ಮದುವೆಯಲ್ಲೇ ಪಾಲು ಕೊಟ್ಟು ಕಳಿಸಿದ ಮಗಳ ಹೆಸರು ಉಯಿಲಿನಲ್ಲಿ ಬಿಟ್ಟುಹೋಗುವುದುಂಟು. ಹೆಸರಿಲ್ಲ ಅಂದ ಮಾತ್ರಕ್ಕೆ ಮಗಳಲ್ಲ ಅನ್ನಬೇಡಿ.

ಈ ಪತ್ರಗಳೆಲ್ಲ ಇರುವುದು ಕೆಂಟಕಿಯ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ. ಅಲ್ಲಿಗೆ ನೀವೇ ನೇರವಾಗಿ ಹೋಗಬಹುದು. ಅರ್ಜಿ ಹಾಕಿ ದೃಢೀಕೃತ ನಕಲಿಗೆ ದಿನಗಟ್ಟಲೆ ಕಾಯುವ ಅಭ್ಯಾಸದವಳು ನಾನು. ಅಲ್ಲಿ ದೊಡ್ಡ ದೊಡ್ಡ ಪುಸ್ತಕಗಳನ್ನು ನಮ್ಮ ಕೈಯಾರೆ ಕಪಾಟಿನಿಂದ ತೆಗೆದು ಓದಬಹುದು ಅಂತ ಗೊತ್ತಾದಾಗ ಹಬ್ಬವೇ ಆಯಿತು. ಹೋಗುವ ಮೊದಲು ಮನೆಯಲ್ಲೇ ಕೂತು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ವೆಬ್‌ಸೈಟ್ ನೋಡಿ. ಉಚಿತ. ಹೆಸರು ನೋಂದಾಯಿಸಿದರೆ ಸಾಕು. ಈಚೆಗೆ ಅವರು ಕೈಬರಹದ ಜಮೀನು ಪತ್ರಗಳನ್ನೂ ಉಯಿಲುಗಳನ್ನೂ ಕಂಪ್ಯೂಟರ್‌ನಿಂದ ಓದಿಸಿ ಪದ ಹಾಕಿ ಹುಡುಕುವ ವ್ಯವಸ್ಥೆ ಮಾಡಿದ್ದಾರೆ. ಇಂಡೆಕ್ಸ್‌ನಲ್ಲಿ ಇಲ್ಲದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಸಾಕ್ಷಿ ಹಾಕಿದವರು, ಪಕ್ಕದ ಜಮೀನಿನವರು, ಎಲ್ಲರೂ ಹೊರಗೆ ಬರುತ್ತಾರೆ. ಕೆಂಟಕಿಯ ಮೂಲ ಭೂಮಂಜೂರಾತಿ ಪತ್ರಗಳು ರಾಜ್ಯದ ಲ್ಯಾಂಡ್ ಆಫೀಸಿನ ವೆಬ್‌ಸೈಟ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ.

ಚೆಕ್ಕುಬಂದಿ ಓದಲು ಕಲಿಯಿರಿ. ಅಲ್ಲಿಯದು ಹೀಗಿರುತ್ತದೆ: ಹೊಳೆಯ ದಡದ ಬಿಳಿ ಓಕ್ ಮರದಿಂದ ಶುರು, ಅಲ್ಲಿಂದ ಉತ್ತರಕ್ಕೆ ಇಷ್ಟು ಪೋಲ್, ಇಂಥವನ ಗಡಿಯ ಸಕ್ಕರೆ ಮೇಪಲ್ ಮರದವರೆಗೆ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಅಂದರೆ ಸರಿಯಾಗಿ ಎರಡು ಪೋಲ್. ಒಂದೇ ಇಂಗ್ಲಿಷ್ ಅಳತೆ ಎರಡೂ ಕಡೆ ಉಳಿದುಕೊಂಡಿದೆ. ನನಗೆ ಇದು ಗೊತ್ತಾದ ದಿನ ಮಗನಿಗೆ ಎರಡು ಸಲ ಹೇಳಿದೆ. ಚೆಕ್ಕುಬಂದಿಯಲ್ಲಿ ಬರುವ ನೆರೆಯವರ ಹೆಸರನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಗುಡ್ಡಗಾಡಿನ ಆ ದಿನಗಳಲ್ಲಿ ಹುಡುಗಿಗೆ ಗಂಡು ಸಿಗುತ್ತಿದ್ದುದು ನಡೆದು ಹೋಗುವಷ್ಟು ದೂರದಲ್ಲೇ. ಅವಳ ತವರು ಆ ಹಾಳೆಯಲ್ಲೇ ಎಲ್ಲೋ ಇರುವ ಸಾಧ್ಯತೆ ಜಾಸ್ತಿ.

ಬೂನ್ ಮತ್ತು ಬ್ರಯಾನ್ ಮನೆಗಳನ್ನೇ ನೋಡಿ. ಡೇನಿಯಲ್ ರೆಬೆಕ್ಕಾಳನ್ನು ಮದುವೆಯಾದ. ಅವನ ತಮ್ಮ ಎಡ್ವರ್ಡ್ ರೆಬೆಕ್ಕಾಳ ತಂಗಿ ಮಾರ್ಥಾಳನ್ನು ಮದುವೆಯಾದ. ಡೇನಿಯಲ್‌ನ ತಂಗಿ ಮೇರಿಯನ್ನು ರೆಬೆಕ್ಕಾಳ ಚಿಕ್ಕಪ್ಪ ವಿಲಿಯಂ ಬ್ರಯಾನ್‌ಗೆ ಕೊಟ್ಟರು. ಹೆಣ್ಣು ಕೊಟ್ಟು ಹೆಣ್ಣು ತರುವುದು ನಮಗೇನು ಹೊಸದಲ್ಲ. ಹೀಗಿದ್ದಾಗ ರೆಬೆಕ್ಕಾಳ ಬಗ್ಗೆ ಕಾಗದ ಸಿಗದಿದ್ದರೆ ಮಾರ್ಥಾಳ ಕಾಗದ ಹುಡುಕಬೇಕು, ಮೇರಿಯ ಕಾಗದ ಹುಡುಕಬೇಕು. ಒಬ್ಬಳ ಹಿಂದೆ ಹೋಗುವುದಲ್ಲ, ಇಡೀ ಬೀಗರ ಬಳಗದ ಹಿಂದೆ ಹೋಗುವುದು.

ಮದುವೆಯ ಕಾಗದದಲ್ಲೂ ಇದೇ ಸೂತ್ರ. ಆಗ ಮದುವೆಗೆ ಮೊದಲು ಗಂಡು 50 ಪೌಂಡ್‌ನ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಜೊತೆಗೆ ಒಬ್ಬ ಜಾಮೀನುದಾರ. ಆ ಜಾಮೀನುದಾರ ಎಷ್ಟೋ ಸಲ ಹುಡುಗಿಯ ತಂದೆ ಅಥವಾ ಅಣ್ಣ. ಹುಡುಗಿಗೆ 21 ತುಂಬಿರದಿದ್ದರೆ ತಂದೆಯ ಒಪ್ಪಿಗೆ ಚೀಟಿ ಬೇಕು. ತಂದೆ ಇಲ್ಲದಿದ್ದರೆ ತಾಯಿಯೇ ಬರೆದಿರುತ್ತಾಳೆ. ಇಂಡೆಕ್ಸ್‌ನಲ್ಲಿ ಗಂಡು, ಹೆಣ್ಣು, ತಾರೀಕು ಮಾತ್ರ ಇರುತ್ತದೆ. ಅದಕ್ಕೇ ತೃಪ್ತಿಪಡಬೇಡಿ. ಮೂಲ ಮುಚ್ಚಳಿಕೆ ತೆಗೆಸಿ, ಹಿಂಬದಿಯನ್ನೂ ನೋಡಿ. ಎಲ್ಲರಿಗೂ ಇದು ಸಿಗುತ್ತದೆ ಅಂತಲ್ಲ. ರೆಬೆಕ್ಕಾಳ ಮದುವೆ 1756ರ ಆಗಸ್ಟ್ 14ರಂದು ಉತ್ತರ ಕ್ಯಾರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ ಆಯಿತು. ಅಲ್ಲಿ ನ್ಯಾಯಾಧಿಕಾರಿಯಾಗಿದ್ದ ಅವಳ ಮಾವ ಸ್ಕ್ವೈರ್ ಬೂನ್ ಅವರೇ ಮದುವೆ ಮಾಡಿಸಿದರು ಅಂತ ಮನೆತನದ ಮಾತು.

ಊರು ಯಾವುದು ಅನ್ನುವುದು ಇನ್ನೊಂದು ಗಂಟು. ಹೆಂಗಸು ಇದ್ದಲ್ಲೇ ಇರುತ್ತಾಳೆ, ಗಡಿ ಅವಳ ಮೇಲೆ ಹಾದುಹೋಗುತ್ತದೆ. 1776ರ ಕೊನೆಯಲ್ಲಿ ಕೆಂಟಕಿ ಅನ್ನುವುದು ವರ್ಜೀನಿಯಾದ ಒಂದು ಕೌಂಟಿ. 1780ರಲ್ಲಿ ಅದು ಜೆಫರ್ಸನ್, ಲಿಂಕನ್, ಫಯೆಟ್ ಅಂತ ಮೂರಾಯಿತು. 1792ರ ಜೂನ್ 1ರಂದು ಕೆಂಟಕಿ ರಾಜ್ಯವಾಯಿತು. ಈಗ 120 ಕೌಂಟಿಗಳಿವೆ. ನಮ್ಮ ಹುಡುಕಾಟದ ಕ್ಲಾರ್ಕ್ ಕೌಂಟಿ ಹುಟ್ಟಿದ್ದು ಬೂರ್ಬನ್ ಮತ್ತು ಫಯೆಟ್‌ನಿಂದ. ಬೂರ್ಬನ್ ಹುಟ್ಟಿದ್ದು ಫಯೆಟ್‌ನಿಂದ. ತಾಲ್ಲೂಕು ಒಡೆದಾಗ ಹಳೆಯ ಪುಸ್ತಕ ಹಳೆಯ ಕಚೇರಿಯಲ್ಲೇ ಉಳಿಯುತ್ತದೆ, ಅಲ್ವಾ? ಅಲ್ಲೂ ಹಾಗೇ. ಅದಕ್ಕೇ ಮೊದಲು ನಿಮ್ಮ ಕೌಂಟಿಯ ತಾಯಿ, ಅಜ್ಜಿ ಯಾರು ಅಂತ ಬರೆದುಕೊಳ್ಳಿ. ಕ್ಲಾರ್ಕ್‌ನ ಮುಖ್ಯ ಊರು ವಿಂಚೆಸ್ಟರ್. ವರ್ಜೀನಿಯಾದಲ್ಲೂ ಒಂದು ವಿಂಚೆಸ್ಟರ್ ಇದೆ, ಇದಕ್ಕೆ ಹೆಸರು ಬಂದದ್ದೇ ಅದರಿಂದ. ರೆಬೆಕ್ಕಾ ಹುಟ್ಟಿದ್ದು ಆ ಹಳೆಯ ವಿಂಚೆಸ್ಟರ್ ಹತ್ತಿರ. ಎರಡನ್ನೂ ಬೆರೆಸಿದರೆ ಕೆಲಸ ಕೆಟ್ಟಿತು.

ಫಯೆಟ್‌ನಲ್ಲಿ ಇನ್ನೊಂದು ಕಷ್ಟ. ಅಲ್ಲಿ ಕ್ಲರ್ಕ್ ಆಗಿದ್ದವರು ಲೀವೈ ಟಾಡ್, ಅಬ್ರಹಾಂ ಲಿಂಕನ್‌ರ ಹೆಂಡತಿ ಮೇರಿಯ ಅಜ್ಜ. 1803ರಲ್ಲಿ ಬೆಂಕಿ ಬಿದ್ದು ದಾಖಲೆಗಳು ಸುಟ್ಟವು. ಉಳಿದ ತುಂಡುಗಳನ್ನು ಆಮೇಲೆ ಮತ್ತೆ ಬರೆಸಿದ್ದಾರೆ. ಅವಕ್ಕೆ ಸುಟ್ಟ ದಾಖಲೆ ಪುಸ್ತಕ ಅಂತಲೇ ಹೆಸರು. ಪುಟದ ನಡುವೆ ಸಾಲುಗಳು ಇದ್ದಕ್ಕಿದ್ದಂತೆ ನಿಂತುಹೋಗುತ್ತವೆ. ಇಂಥ ಕಡೆ ಕೈಹಿಡಿಯುವುದು ತೆರಿಗೆ ಪಟ್ಟಿ. ಅದರ ಪ್ರತಿ ರಾಜಧಾನಿಗೂ ಹೋಗುತ್ತಿತ್ತು. ಬಹುಮಟ್ಟಿಗೆ ವರ್ಷವರ್ಷವೂ ಇದೆ. ಯಾರ ಜಮೀನು, ಯಾವ ಹೊಳೆಯ ಬದಿಗೆ, ಮೊದಲು ಯಾರ ಹೆಸರಲ್ಲಿ ಮಂಜೂರಾಗಿತ್ತು ಎಂದು ಕಾಲಂ ಇರುತ್ತದೆ. ಒಂದು ವರ್ಷ ಗಂಡಸಿನ ಹೆಸರು ಹೋಗಿ ಮುಂದಿನ ವರ್ಷ ಅದೇ ಹೊಳೆ, ಅದೇ ಎಕರೆಗೆ ಹೆಂಗಸಿನ ಹೆಸರು ಬಂದರೆ ಬಹುಮಟ್ಟಿಗೆ ಅವಳು ವಿಧವೆಯಾದಳು ಅಂತ ಅರ್ಥ. ಆ ಎರಡು ಸಾಲಿನ ನಡುವೆ ಒಂದು ಸಾವು ಇದೆ. ಆ ವರ್ಷದ ಉಯಿಲು ಪುಸ್ತಕದಿಂದ ಹುಡುಕಾಟ ಶುರುಮಾಡಿ. ಈ ಪಟ್ಟಿಗಳ ಮೈಕ್ರೊಫಿಲ್ಮ್‌ಗೆ ನಾವು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನ ರಾಜ್ಯ ದಾಖಲೆ ಭಂಡಾರಕ್ಕೆ ಹೋದೆವು. ಊಟ ಕಟ್ಟಿಕೊಂಡು ಹೋಗಿ, ಇಡೀ ದಿನ ಬೇಕು.

ಹೆಂಗಸಿನ ಓಡಾಟದ ಪಟ್ಟಿಯನ್ನೂ ಮಾಡಿಕೊಳ್ಳಿ, ವರ್ಷ ಹಾಕಿ. ರೆಬೆಕ್ಕಾಳದ್ದು ಮಾಡಿದಾಗ ನನಗೆ ಕಣ್ಣು ತುಂಬಿತು. ಅಜ್ಜ ಮಾರ್ಗನ್ ಬ್ರಯಾನ್ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದ. ಅವಳು ಅಲ್ಲಿ ಹುಟ್ಟಿ ಯಾಡ್ಕಿನ್‌ನಲ್ಲಿ ಬೆಳೆದಳು. 1773ರಲ್ಲಿ ಕೆಂಟಕಿಗೆ ಹೊರಟ ದಾರಿಯಲ್ಲಿ ಹಿರಿಯ ಮಗ ಜೇಮ್ಸ್‌ನನ್ನು ಅಲ್ಲಿನ ಮೂಲನಿವಾಸಿಗಳು ಕೊಂದರು. ಎಲ್ಲರೂ ಹಿಂದಿರುಗಿದರು. 1775ರ ಸೆಪ್ಟೆಂಬರ್‌ನಲ್ಲಿ ಬೂನ್ಸ್‌ಬರೋ ಕೋಟೆಗೆ ಬಂದಳು. ಮರುವರ್ಷ ಜುಲೈ 14ರಂದು ಮಗಳು ಜೆಮೈಮಾಳನ್ನು ಕ್ಯಾಲವೇ ಮನೆಯ ಇಬ್ಬರು ಹುಡುಗಿಯರ ಜೊತೆ ಮೂಲನಿವಾಸಿಗಳು ಹಿಡಿದುಕೊಂಡು ಹೋದರು, ಬೂನ್ ಹೋಗಿ ಬಿಡಿಸಿಕೊಂಡು ಬಂದ. 1778ರಲ್ಲಿ ಗಂಡನೇ ಶಾನೀ ಎಂಬ ಮೂಲನಿವಾಸಿ ಜನರಿಗೆ ಸೆರೆಯಾದ. ಸತ್ತನೆಂದು ತಿಳಿದು ಅವಳು ಮಕ್ಕಳನ್ನು ಕಟ್ಟಿಕೊಂಡು ಯಾಡ್ಕಿನ್‌ಗೆ, ತವರಿನ ಕಡೆಗೆ ಹೋದಳು. 1779ರಲ್ಲಿ ಮತ್ತೆ ಕೆಂಟಕಿ. 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ ಎರಡನೆಯ ಮಗ ಇಸ್ರೇಲ್ ಸತ್ತ. 1799ರಲ್ಲಿ ಮಿಸೌರಿ. ಅದು ಆಗ ಸ್ಪೇನಿನ ಆಡಳಿತದಲ್ಲಿತ್ತು. 1813ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡಳು. ಕೆಂಟಕಿಯಲ್ಲಿ ಮಾತ್ರ ಹುಡುಕಿದವರಿಗೆ ಅವಳ ಬದುಕಿನ ಅರ್ಧವೂ ಸಿಗುವುದಿಲ್ಲ. ಮಿಸೌರಿಯ ಮೊದಲ ವರ್ಷಗಳಿಗೆ ಸ್ಪೇನಿನ ಭೂದಾಖಲೆ ನೋಡಬೇಕು.

ತಾರೀಕಿನ ವಿಷಯ ಚಿಕ್ಕದಾದರೂ ಹೇಳಲೇಬೇಕು. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಆಸುಪಾಸು. ರೆಬೆಕ್ಕಾ ಹುಟ್ಟಿದ್ದು ಜನವರಿ 9, 1739 ಅಂತ ಹೇಳುತ್ತಾರೆ. ಆಗಿನ ಲೆಕ್ಕದಲ್ಲಿ ಅದು ಇನ್ನೂ 1738. ಎರಡು ಕಡೆ ಎರಡು ವರ್ಷ ಕಂಡರೆ ಇಬ್ಬರು ಹೆಂಗಸರು ಅಂದುಕೊಳ್ಳಬೇಡಿ. ಬೂನ್ ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕ್ವೇಕರ್ ದಾಖಲೆಯಲ್ಲಿ 'ಮೊದಲ ತಿಂಗಳು' ಅಂದರೆ 1752ಕ್ಕೆ ಮೊದಲು ಮಾರ್ಚ್.

ಬರಹದಲ್ಲೂ ಎಚ್ಚರ ಬೇಕು. ಆಗ ಎರಡು ಎಸ್ ಬಂದರೆ ಮೊದಲನೆಯದನ್ನು ಎಫ್ ಥರ ಉದ್ದ ಬರೆಯುತ್ತಿದ್ದರು. ಜೆಸ್ಸಿ ಎಂಬ ಹೆಸರು ಜೆಫ್‌ಸಿ ಅಂತ ಕಾಣುತ್ತದೆ. ಬ್ರಯಾನ್ ಅನ್ನುವುದು ಬ್ರಯಂಟ್ ಆಗುತ್ತದೆ. ಬ್ರಯಾನ್ಸ್ ಸ್ಟೇಷನ್ ಕೋಟೆಯನ್ನೇ ಎಷ್ಟೋ ಕಡೆ ಬ್ರಯಂಟ್ಸ್ ಅಂತ ಬರೆದಿದ್ದಾರೆ. ಸಮಾಧಿ ಕಲ್ಲಿನ ಮೇಲೆ 'ಕಾನ್ಸಾರ್ಟ್' ಅಂತಿದ್ದರೆ ಅವಳು ಗಂಡನಿಗಿಂತ ಮೊದಲು ಹೋದವಳು, 'ರೆಲಿಕ್ಟ್' ಅಂತಿದ್ದರೆ ವಿಧವೆ. 'ಇನ್‌ಫೆಂಟ್' ಅಂದರೆ ಕೂಸಲ್ಲ, 21 ತುಂಬದವರು.

ಮಕ್ಕಳ ಹೆಸರು ಒಳ್ಳೆಯ ಸುಳಿವು, ಆದರೆ ಸುಳಿವು ಮಾತ್ರ. ರೆಬೆಕ್ಕಾಳ ಒಬ್ಬ ಮಗ ಜೆಸ್ಸಿ ಬ್ರಯಾನ್ ಬೂನ್. ನಡುವಿನ ಹೆಸರು ತಾಯಿಯ ತವರು. ಇನ್ನೊಬ್ಬ ಡೇನಿಯಲ್ ಮಾರ್ಗನ್ ಬೂನ್. ಮಾರ್ಗನ್ ಎಲ್ಲಿಂದ ಬಂತು? ರೆಬೆಕ್ಕಾಳ ಅಜ್ಜ ಮಾರ್ಗನ್ ಬ್ರಯಾನ್. ಆದರೆ ಡೇನಿಯಲ್‌ನ ತಾಯಿಯೂ ಸಾರಾ ಮಾರ್ಗನ್. ಯಾವ ಕಡೆಯಿಂದ ಬೇಕಾದರೂ ಬಂದಿರಬಹುದು. ಹೆಸರು ನೋಡಿ ಸಂಬಂಧ ಕಟ್ಟಬಾರದು ಅನ್ನುವುದಕ್ಕೆ ನಾನು ಎಲ್ಲರಿಗೂ ಇದನ್ನೇ ತೋರಿಸುತ್ತೇನೆ.

ಮನೆಯ ಬೈಬಲ್ ಸಿಕ್ಕರೆ ಮೊದಲು ಅಚ್ಚಾದ ವರ್ಷ ನೋಡಿ. ಹುಟ್ಟು ಸಾವಿನ ಪುಟ ಆಮೇಲೆ. ಬೈಬಲ್ ಅಚ್ಚಾಗಿದ್ದು 1840, ಒಳಗೆ 1790ರ ಜನನ ಅದೇ ಶಾಯಿ, ಅದೇ ಕೈ ಅಂದರೆ ಯಾರೋ ನೆನಪಿನಿಂದ ಬರೆದದ್ದು. ಸುಳ್ಳು ಅಂತಲ್ಲ. ಬೆಲೆ ಸ್ವಲ್ಪ ಕಮ್ಮಿ, ಅಷ್ಟೇ. ಅದೃಷ್ಟ ಇದ್ದರೆ ಆ ಪುಟಗಳು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲೇ ಸಿಗುತ್ತವೆ. ಬ್ರಿಟಿಷರ ವಿರುದ್ಧದ ಕ್ರಾಂತಿಯ ಯುದ್ಧದಲ್ಲಿ ಹೋರಾಡಿದವರ ವಿಧವೆಯರಿಗೆ 1836ರ ಕಾನೂನಿನಿಂದ ಪಿಂಚಣಿ ವಿಸ್ತರಿಸಿದರು. 1838ರಲ್ಲಿ, 1794ಕ್ಕೆ ಮೊದಲು ಮದುವೆಯಾದವರಿಗೂ ಕೊಟ್ಟರು. 1853ರಲ್ಲಿ ಆ ಗಡುವನ್ನೂ ತೆಗೆದರು. ಮದುವೆ ಸಾಬೀತು ಮಾಡಬೇಕಿತ್ತಲ್ಲ, ಪಾಪ, ಆ ಮುದುಕಿಯರು ಬೈಬಲ್‌ನ ಪುಟ ಹರಿದು ಅರ್ಜಿಯ ಜೊತೆ ಕಳಿಸಿದರು. ಜೊತೆಗೆ ಅಕ್ಕಪಕ್ಕದವರ ಸಾಕ್ಷಿ. ಅವಳ ಮದುವೆಗೆ ನಾನು ಹೋಗಿದ್ದೆ, ಇಂಥವರ ಮನೆಯಲ್ಲಿ ಆಯಿತು ಅಂತ. ನೀವು ಹುಡುಕುವವಳ ಗಂಡ ಸಿಪಾಯಿಯಾಗಿದ್ದರೆ ಈ ಕಡತವನ್ನು ಬಿಡಲೇಬೇಡಿ.

ಹಾಗೆಯೇ ಜಮೀನಿನ ವ್ಯಾಜ್ಯದ ಹೇಳಿಕೆಗಳು. ವರ್ಜೀನಿಯಾದ 1779ರ ಕಾನೂನಿನಂತೆ 1778ಕ್ಕೆ ಮೊದಲು ಬಂದು ನೆಲೆಸಿದವರಿಗೆ 400 ಎಕರೆ ಹಕ್ಕು, ಪಕ್ಕದ 1000 ಎಕರೆಗೆ ಮೊದಲ ಅವಕಾಶ. ಸರ್ಕಾರಿ ಸರ್ವೆ ಇಲ್ಲದೆ ಒಬ್ಬರ ಮೇಲೊಬ್ಬರು ಗುರುತು ಹಾಕಿಕೊಂಡರು. ನ್ಯಾಯಾಲಯಗಳು ವರ್ಷಗಟ್ಟಲೆ ತುಂಬಿಹೋದವು. ಬೂನ್‌ನಂಥವನೇ ಕೆಂಟಕಿಯ ಜಮೀನನ್ನೆಲ್ಲ ಕಳೆದುಕೊಂಡ. ಆ ಮೊಕದ್ದಮೆಗಳಲ್ಲಿ ಹಳೆಯ ಕಾಲದವರನ್ನು ಕರೆದು ಕೇಳಿದ್ದಾರೆ: ಆ ಗುಡಿಸಲು ಎಲ್ಲಿತ್ತು? ನೀವು ಯಾವ ವರ್ಷ ಬಂದಿರಿ? ಯಾರ ಜೊತೆ ಬಂದಿರಿ? ಉತ್ತರ ಹೇಳಿದವರಲ್ಲಿ ಹೆಂಗಸರೂ ಇದ್ದಾರೆ. ಆ ಕಾಲದ ಹೆಂಗಸೊಬ್ಬಳ ಮಾತನ್ನು ಮಾತಾಗಿಯೇ ಕೇಳಲು ಸಿಗುವ ಜಾಗ ಇದಕ್ಕಿಂತ ಬೇರೆ ಕಡಿಮೆ.

ಬಾಯಿಮಾತಿನ ಕತೆಗಳನ್ನು ಎಸೆಯಬೇಡಿ, ಆದರೆ ಯಾರು ಯಾರಿಗೆ ಯಾವಾಗ ಹೇಳಿದ್ದು ಅಂತ ಜೊತೆಗೇ ಬರೆಯಿರಿ. ಹಳೆಯ ಸಂಗತಿಗಳನ್ನು ಸಂಗ್ರಹಿಸುತ್ತಿದ್ದ ಲೈಮನ್ ಡ್ರೇಪರ್ ಎಂಬುವರು 1851ರಲ್ಲಿ ಮಿಸೌರಿಗೆ ಹೋಗಿ ರೆಬೆಕ್ಕಾಳ ಕಿರಿಯ ಮಗ ನೇಥನ್ ಮತ್ತು ಸೊಸೆ ಆಲಿವ್ ಬಾಯಿಂದ ಕೇಳಿ ಬರೆದುಕೊಂಡರು. ಆ ಟಿಪ್ಪಣಿಗಳೆಲ್ಲ ವಿಸ್ಕಾನ್ಸಿನ್ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿವೆ. ನಮಗೆ ಇವತ್ತು ರೆಬೆಕ್ಕಾಳ ಬಗ್ಗೆ ಗೊತ್ತಿರುವ ಎಷ್ಟೋ ಸಂಗತಿ ಅಲ್ಲಿಂದ ಬಂದದ್ದು. ಆದರೆ ನೇಥನ್ ಹುಟ್ಟಿದ್ದು 1781ರಲ್ಲಿ. 1775ರ ಸಂಗತಿ ಹೇಳುವಾಗ ಅವನು ಕಂಡದ್ದಲ್ಲ, ಕೇಳಿದ್ದು. ಜೆಮೈಮಾಳ ಹುಟ್ಟಿನ ಬಗ್ಗೆಯೂ ಒಂದು ಕತೆ ಓಡಾಡುತ್ತದೆ. ಬೂನ್ ದೂರ ಹೋಗಿದ್ದಾಗ ಹುಟ್ಟಿದವಳು ಅಂತ. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಮೊಮ್ಮಗಳ ಪುಸ್ತಕದಲ್ಲಿ ಅದನ್ನು ಬರೆಸಲಿಲ್ಲ. ಬೂನ್ ಅವಳನ್ನು ಮಗಳಾಗಿ ಸಾಕಿದ, ಅಷ್ಟು ನಮಗೆ ಗೊತ್ತು.

ಡಿಎನ್ಎ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಮಾನ್ಯ ಪರೀಕ್ಷೆ ಐದಾರು ತಲೆಮಾರು ದಾಟಿದರೆ ತೆಳ್ಳಗಾಗುತ್ತದೆ. ತಾಯಿಯಿಂದ ಮಕ್ಕಳಿಗೆ ಬಂದು, ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದಕ್ಕೆ ದಾಟುವ ಡಿಎನ್ಎಯದ್ದು ಮೈಟೊಕಾಂಡ್ರಿಯಾ ಪರೀಕ್ಷೆ. ನಡುವೆ ಒಬ್ಬ ಗಂಡಸು ಬಂದರೂ ಆ ದಾರಿ ಕಡಿಯಿತು. ಸೊಸೆಯಿಂದ 1815ರ ಆ ಹೆಂಗಸಿನವರೆಗೆ ಎಲ್ಲರೂ ಹೆಂಗಸರೇ ಆದದ್ದರಿಂದ ಮಾಡಿಸಿದೆವು. ಹೋಲಿಸಲು ಇನ್ನೊಂದು ಕವಲಿನ ಹೆಣ್ಣುಮಗಳೂ ಬೇಕು. ಅವಳು ಸಿಗುವವರೆಗೆ ಅದು ಅರ್ಧ ಪತ್ರ.

ಈ ಪುಸ್ತಕಗಳನ್ನು ಓದುವಾಗ ಇನ್ನೊಂದು ಸಾಲನ್ನು ಕಾಣುತ್ತೀರಿ, ಕಂಡೇ ಕಾಣುತ್ತೀರಿ. ಆಸ್ತಿಯ ಪಟ್ಟಿಯಲ್ಲಿ ಹಸು, ಮಂಚ, ಕಬ್ಬಿಣದ ಪಾತ್ರೆಗಳ ನಡುವೆ ಒಬ್ಬ ಹೆಂಗಸಿನ ಹೆಸರು, ಪಕ್ಕದಲ್ಲಿ ಬೆಲೆ. ಗುಲಾಮಳಾಗಿದ್ದವಳು. ಅವಳೂ ಅದೇ ಕಾಡು ದಾರಿಯಲ್ಲಿ ನಡೆದು ಬಂದವಳೇ. 1850, 1860ರ ಗುಲಾಮರ ಪಟ್ಟಿಯಲ್ಲಿ ವಯಸ್ಸು ಮಾತ್ರ ಇದೆ, ಹೆಸರು ಬಹುತೇಕ ಇಲ್ಲ. ಅವಳ ಮಕ್ಕಳ ಪೂರ್ತಿ ಹೆಸರು ಗಣತಿಗೆ ಬರುವುದು 1870ರಲ್ಲಿ. ನಿಮ್ಮ ಹುಡುಕಾಟಕ್ಕೆ ಸಂಬಂಧ ಇಲ್ಲದಿದ್ದರೂ ಆ ಹೆಸರು, ಪುಸ್ತಕ, ಪುಟದ ಸಂಖ್ಯೆ ಬರೆದುಕೊಳ್ಳಿ. ಊರಿನ ಗ್ರಂಥಾಲಯದ ವಂಶಾವಳಿ ವಿಭಾಗಕ್ಕೆ ಕೊಡಿ. ನಾನು ಇಲ್ಲಿಯವರೆಗೆ 41 ಹೆಸರು ಕೊಟ್ಟಿದ್ದೇನೆ.

ನಮ್ಮದು ಎಲ್ಲಿಗೆ ಬಂತು ಅಂತ ಕೇಳುತ್ತೀರಿ. ಕಳೆದ ವರ್ಷ ಅವಳ ಮದುವೆ ಮುಚ್ಚಳಿಕೆ ಸಿಕ್ಕಿತು. 1834. ಜಾಮೀನು ನಿಂತವನ ಮನೆತನದ ಹೆಸರು ಬ್ರಯಂಟ್, ಕೊನೆಗೆ ಟಿ ಅಕ್ಷರ ಇದೆ. ಅವನು ತಂದೆಯೋ, ಅಣ್ಣನೋ, ನೆರೆಯವನೋ ಗೊತ್ತಿಲ್ಲ. ಬರಹಗಾರ ತನ್ನ ರೂಢಿಯಂತೆ ಆ ಅಕ್ಷರ ಸೇರಿಸಿದನೋ, ನಿಜಕ್ಕೂ ಬೇರೆ ಮನೆತನವೋ, ಅದೂ ಗೊತ್ತಿಲ್ಲ. ತೆರಿಗೆ ಪಟ್ಟಿಯಲ್ಲಿ ಅವನಿಗೆ 60 ಎಕರೆ ಇದೆ. ಜೂನ್‌ನಲ್ಲಿ ಲೆಕ್ಸಿಂಗ್ಟನ್‌ಗೆ ಹೋಗುತ್ತೇನೆ. ಮೊಮ್ಮಗಳಿಗೆ ರಜೆ ಇರುತ್ತದೆ, ಅವಳೇ ಬರುತ್ತೇನೆ ಅಂದಿದ್ದಾಳೆ. ಇಬ್ಬರೂ ವಿಂಚೆಸ್ಟರ್ ಕಚೇರಿಗೆ ಹೋಗಿ ಆ 60 ಎಕರೆ ಅವನಿಗೆ ಯಾರಿಂದ ಬಂತು, ಉತ್ತರದ ಗಡಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕು.